ಏಕಾಂತಯ್ಯನವರ ಗಾಬರಿ ಕಣ್ಣು

ಮೂವತ್ತಾರನೇ ವಯಸ್ಸಿನಲ್ಲಿ ಸಿದ್ದಲಿಂಗಸ್ವಾಮಿ ಮತ್ತೆ ವಿದ್ಯಾರ್ಥಿಯಾದ. ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಲೇತ್ ಮಷೀನಿನ ಮುಂದೆ ಹದಿನಾಲ್ಕು ವರ್ಷ ನಿಂತವನು, ಇಬ್ಬರು ಮಕ್ಕಳ ತಂದೆ, ನೆತ್ತಿಯ ಕೂದಲು ಆಗಲೇ ಒಂದೊಂದಾಗಿ ರಾಜೀನಾಮೆ ಕೊಡುತ್ತಿದ್ದವು. ಅಂಥವನು 1996ರ ಜೂನ್ ತಿಂಗಳ ಒಂದು ಶನಿವಾರ ಫಸ್ಟ್ ಶಿಫ್ಟ್ ಮುಗಿಸಿ, ಕೈಗೆ ಅಂಟಿದ್ದ ಗ್ರೀಸನ್ನು ಬಸ್ಸಿನಲ್ಲೇ ಕರ್ಚೀಫಿಗೆ ಒರೆಸಿಕೊಂಡು, ದಿವಾನ್ಸ್ ರಸ್ತೆಯ ಒಂದು ಮಹಡಿ ಹತ್ತಿ, ಅಲ್ಲಿದ್ದ ಫೋಟೋಗ್ರಫಿ ಶಾಲೆಯೊಳಕ್ಕೆ ಕಾಲಿಟ್ಟ. ಇಟ್ಟದ್ದೇ ತಡ, ಇಪ್ಪತ್ತರ ಆಸುಪಾಸಿನ ಹನ್ನೆರಡು ಹುಡುಗ ಹುಡುಗಿಯರು ದಡಬಡನೆ ಎದ್ದು "ಗುಡ್ ಈವನಿಂಗ್ ಸಾರ್" ಎಂದರು. ಇವನು ಬೆವರುತ್ತ ಕೊನೇ ಬೆಂಚಿಗೆ ಹೋಗಿ ಕುಳಿತ ಮೇಲೆ ಅವರಿಗೆ ನಗು ತಡೆಯಲಾಗಲಿಲ್ಲ. ನಿಜವಾದ ಮೇಷ್ಟ್ರು ವಿಶ್ವನಾಥ್ ಆಮೇಲೆ ಬಂದರು. ಅವರು ಇವನಿಗಿಂತ ಆರು ವರ್ಷ ಚಿಕ್ಕವರು. ಅಂದಿನಿಂದ ಇಡೀ ಕ್ಲಾಸಿಗೆ ಸಿದ್ದಲಿಂಗಸ್ವಾಮಿ "ಅಂಕಲ್" ಆದ.

ಈ ವಯಸ್ಸಿನಲ್ಲಿ ಇದೇನು ಹುಚ್ಚು ಎಂದು ಕೇಳಿದವರಿಗೆಲ್ಲ ಅವನು "ಹವ್ಯಾಸ" ಎನ್ನುತ್ತಿದ್ದ. ಅದು ಶುದ್ಧ ಸುಳ್ಳು. ನಿಜವಾದ ಕಾರಣ ಹೂಟಗಳ್ಳಿಯ ಅವನ ಮನೆಯಲ್ಲಿ, ನಡುಮನೆಯ ಗೋಡೆಯ ಮೇಲೆ, ಗಂಧದ ಹಾರ ಹಾಕಿಕೊಂಡು ಕುಳಿತಿತ್ತು.

ಅದು ಅವನ ಅಪ್ಪ ಏಕಾಂತಯ್ಯನವರ ಫೋಟೋ. ಸಂತೇಪೇಟೆಯಲ್ಲಿ ವಿಭೂತಿ, ರುದ್ರಾಕ್ಷಿ ಮಾರುತ್ತಿದ್ದ ಏಕಾಂತಯ್ಯನವರು 1966ರಲ್ಲಿ, ಮಗನಿಗೆ ಆರು ವರ್ಷವಿದ್ದಾಗ, ಒಂದೇ ವಾರದ ಜ್ವರಕ್ಕೆ ಹೋಗಿಬಿಟ್ಟಿದ್ದರು. ಅವರ ಪೈಕಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಹಣೆ ತುಂಬ ವಿಭೂತಿ ಬಳಿದು, ರುಮಾಲು ಸುತ್ತಿ, ಹಾರ ಹಾಕಿ, ಗೋಡೆಗೆ ಒರಗಿಸಿ ಕೂರಿಸಿದ ಮೇಲೆ ಸ್ಟುಡಿಯೋದವರನ್ನು ಕರೆಸಿ ಒಂದು ಫೋಟೋ ತೆಗೆಸುವುದು ವಾಡಿಕೆ. ಬದುಕಿದ್ದಾಗ ಕ್ಯಾಮೆರಾದ ಮುಖ ನೋಡದ ಎಷ್ಟೋ ಜನರಿಗೆ ಅದೇ ಮೊದಲನೆಯದು, ಅದೇ ಕೊನೆಯದು. ಆದರೆ ಗೋಡೆಗೆ ತೂಗುಹಾಕುವ ಫೋಟೋದಲ್ಲಿ ಯಜಮಾನ ಕಣ್ಣು ಮುಚ್ಚಿಕೊಂಡಿದ್ದರೆ ಹೇಗೆ? ಅದಕ್ಕಾಗಿಯೇ ಸ್ಟುಡಿಯೋಗಳಲ್ಲಿ ಟಚಿಂಗ್ ಮಾಡುವವರು ಇರುತ್ತಿದ್ದರು. ನಾಲ್ಕೇ ಕೂದಲಿನ ಕುಂಚ ಹಿಡಿದು, ಮುಚ್ಚಿದ ರೆಪ್ಪೆಯ ಮೇಲೆ ತೆರೆದ ಕಣ್ಣು ಬರೆದು ಕೊಡುತ್ತಿದ್ದರು.

ಏಕಾಂತಯ್ಯನವರಿಗೂ ಹಾಗೇ ಬರೆದಿದ್ದರು. ಬರೆದದ್ದೇನೋ ಚೆನ್ನಾಗಿತ್ತು, ಆದರೆ ಹಾಲು ಉಕ್ಕುತ್ತಿರುವುದನ್ನು ಹೊಸ್ತಿಲ ಆಚೆಯಿಂದ ನೋಡಿದವರ ಹಾಗೆ ಆ ಕಣ್ಣು ಅಗಲವಾಗಿ ತೆರೆದುಕೊಂಡಿದ್ದವು. ಕೆಳಗೆ ಶಾಂತವಾದ ತುಟಿ, ಮೇಲೆ ಶಾಂತವಾದ ಹಣೆ, ನಡುವೆ ಮಾತ್ರ ಗಾಬರಿ. ದಿನಾ ಬೆಳಿಗ್ಗೆ ಹಾಲು ಹಾಕಲು ಬರುತ್ತಿದ್ದ ಸಣ್ಣಮಾದಯ್ಯ ಒಮ್ಮೆ ಬಾಗಿಲಲ್ಲೇ ನಿಂತು, "ತಂದೇವ್ರು ಏನ್ ಕಂಡ್ಬುಟ್ರು ಸ್ವಾಮಿ, ಇಂಗೆ ಬೆಚ್ಚವ್ರೆ?" ಎಂದು ಕೇಳಿಯೇಬಿಟ್ಟಿದ್ದ.

ಸಿದ್ದಲಿಂಗಸ್ವಾಮಿಗೆ ಅಪ್ಪನ ನೆನಪು ಇದ್ದದ್ದೇ ಬೊಗಸೆಯಷ್ಟು. ನಕ್ಕರೆ ಪೂರ್ತಿ ಮುಚ್ಚಿಹೋಗುತ್ತಿದ್ದ ಸಣ್ಣ ಕಣ್ಣು ಆ ಬೊಗಸೆಯಲ್ಲಿತ್ತು. ಆ ಫೋಟೋದ ಕೆಲಸಕ್ಕೆಂದು ಅವ್ವನ ಜೊತೆ ಸ್ಟುಡಿಯೋಕ್ಕೆ ಹೋದದ್ದೂ ನೆನಪಿತ್ತು. ಚಾಮಯ್ಯ ಎಂಬ ಟಚಿಂಗಿನ ಮುದುಕ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ತನ್ನ ಕಡೆಗೇ ಬಗ್ಗಿದಾಗ ಜೀವ ಬಾಯಿಗೆ ಬಂದಿತ್ತು. ಆಮೇಲೆ ಆತನೇ ಪೆಪ್ಪರ್‌ಮೆಂಟು ಕೊಟ್ಟಿದ್ದ. ಅಂತೂ ಹುಡುಗ ಬೆಳೆದು ದೊಡ್ಡವನಾದಾಗಿನಿಂದ "ಇದು ನಮ್ಮಪ್ಪ ಅಲ್ಲ, ಅಪ್ಪನ ಮುಖದಲ್ಲಿ ಇನ್ಯಾರೋ ಕೂತವ್ರೆ" ಎಂದು ಹೇಳುತ್ತಲೇ ಬಂದ. ಅವನ ಅವ್ವ ನೀಲಮ್ಮ ಅದಕ್ಕೆ ಹೂಂ ಎನ್ನುತ್ತಿರಲಿಲ್ಲ, ಉಹೂಂ ಎನ್ನುತ್ತಲೂ ಇರಲಿಲ್ಲ.

ನೀಲಮ್ಮನ ಫೋಟೋವಂತೂ ಒಂದೂ ಇರಲಿಲ್ಲ. "ಫೋಟೋ ತೆಗೆಸ್ಕೊಂಡ್ರೆ ಆಯಸ್ಸು ಕಮ್ಮಿ ಆಗುತ್ತೆ ಕಣೋ" ಎಂಬುದು ಅವಳ ಒಂದೇ ಮಾತು. ಮಗನ ಮದುವೆಯ ಆಲ್ಬಮ್ಮಿನಲ್ಲಿ ಅವಳ ಬೆನ್ನಿತ್ತು, ಕೈಯಿತ್ತು, ಒಂದು ಕಡೆ ತುರುಬೂ ಇತ್ತು. ಮತದಾರರ ಗುರುತಿನ ಚೀಟಿಗೆ ಕೂರಿಸಿದಾಗ ಸೆರಗನ್ನು ಎಷ್ಟು ಮುಂದಕ್ಕೆ ಎಳೆದುಕೊಂಡಿದ್ದಳೆಂದರೆ ಅದರಲ್ಲಿ ಮತ ಹಾಕುವ ಹಕ್ಕಿದ್ದದ್ದು ಅವಳ ಮೂಗಿಗೆ ಮಾತ್ರ. ಆ ವರ್ಷ ಯುಗಾದಿ ಕಳೆದ ಮೇಲೆ ನೀಲಮ್ಮ ಬಚ್ಚಲಲ್ಲಿ ಜಾರಿಬಿದ್ದು ಮೂರು ದಿನ ಆಸ್ಪತ್ರೆಯಲ್ಲಿ ಮಲಗಿದಳು. ಏನೂ ಆಗಲಿಲ್ಲ, ನಾಲ್ಕನೇ ದಿನ ಮನೆಗೆ ಬಂದು ಸೊಸೆ ಮಂಗಳಳ ಸಾರಿಗೆ ಉಪ್ಪು ಸಾಲದು ಎಂದಳು. ಆದರೆ ಆ ಮೂರು ದಿನ ಮಂಚದ ಪಕ್ಕ ಕುಳಿತಿದ್ದ ಸಿದ್ದಲಿಂಗಸ್ವಾಮಿಯ ತಲೆಯಲ್ಲಿ ಒಂದೇ ಹುಳ ಕೊರೆಯಿತು: ನಾಳೆ ಅವ್ವ ಹೋದರೆ ಅವಳನ್ನೂ ಕೂರಿಸುತ್ತೇವೆ, ಅವಳಿಗೂ ಯಾರೋ ಕಣ್ಣು ಬರೆಯುತ್ತಾರೆ, ಆಮೇಲೆ ಅವ್ವನೂ ಅವ್ವನಾಗಿ ಉಳಿಯುವುದಿಲ್ಲ. ಅವ್ವ ಬದುಕಿರುವಾಗಲೇ ಅವಳ ಕಣ್ಣು ತೆರೆದಿರುವ ಒಂದೇ ಒಂದು ಫೋಟೋ ತೆಗೆಯಬೇಕು. ತೆಗೆಸಿಕೊಳ್ಳುವವಳು ಅವಳಲ್ಲ, ಹಾಗಾಗಿ ತಾನೇ ಕಲಿಯಬೇಕು.

ವಿಶ್ವನಾಥ್ ಮೇಷ್ಟ್ರ ಪಾಠದ ಕ್ರಮ ಅವನಿಗೆ ಹೇಳಿ ಮಾಡಿಸಿದಂತಿತ್ತು. ವರ್ಷಕ್ಕೆ ಹತ್ತು ಚಿತ್ರ, ಒಂದೊಂದೂ ಒಂದೊಂದು ವಿಧಾನದಲ್ಲಿ, ಒಂದೊಂದಕ್ಕೂ ಹತ್ತು ಅಂಕ. ಬೇಟೆಗೆ ಹೊರಟವನಿಗೆ ಹತ್ತು ಥರದ ಬಲೆ ಸಿಕ್ಕಿದ ಹಾಗಾಯಿತು. ಸೆಕೆಂಡ್ ಹ್ಯಾಂಡಿನಲ್ಲಿ ರಷ್ಯಾದ ಒಂದು ಕ್ಯಾಮೆರಾ ಕೊಂಡ. ಅದರ ತೂಕ ನೋಡಿ ನೀಲಮ್ಮ, "ಇದೇನೋ, ಕಾರ್ಖಾನೇಲೇ ಮಾಡ್ಕೊಂಡು ಬಂದ್ಯಾ?" ಎಂದಳು.

ಮೊದಲು ಕಲಿಸಿದ್ದು ಪ್ಯಾನಿಂಗ್. ಓಡುವ ವಸ್ತುವಿನ ಜೊತೆಗೇ ಕ್ಯಾಮೆರಾವನ್ನೂ ಅದೇ ವೇಗದಲ್ಲಿ ತಿರುಗಿಸುತ್ತ ಗುಂಡಿ ಒತ್ತಬೇಕು. ಆಗ ವಸ್ತು ಸ್ಪಷ್ಟವಾಗಿ ನಿಂತು ಹಿಂದಿನದೆಲ್ಲ ಗೆರೆಗೆರೆಯಾಗಿ ಹರಿದುಹೋಗುತ್ತದೆ. ಉಳಿದವರು ಬೈಕು, ಟಾಂಗಾ ಹುಡುಕಿಕೊಂಡು ಹೋದರು. ಇವನು ಸೋಮವಾರ ಬೆಳಿಗ್ಗೆ ಅವ್ವ ದೇವಸ್ಥಾನಕ್ಕೆ ಹೋಗುವ ದಾರಿಯಲ್ಲಿ ಹೊಂಗೆಮರದ ಮರೆಯಲ್ಲಿ ನಿಂತ. ನೀಲಮ್ಮನದು ಬಿರುಸು ನಡಿಗೆ. ಬಂದಳು, ಇವನು ಉಸಿರು ಬಿಗಿಹಿಡಿದು ಸೊಂಟ ತಿರುಗಿಸಿದ, ಅಷ್ಟರಲ್ಲಿ ಎದುರುಮನೆಯವಳು ಏನೋ ಕೇಳಿದ್ದರಿಂದ ಅವ್ವ ಗಕ್ಕನೆ ನಿಂತಳು. ಕ್ಯಾಮೆರಾ ಮಾತ್ರ ಮುಂದಕ್ಕೆ ಹೋಯಿತು. ತೊಳೆದು ನೋಡಿದರೆ ಚಿತ್ರದಲ್ಲಿ ಅವ್ವ ಇಲ್ಲ. ಅದೇ ವೇಳೆಗೆ ಅವಳನ್ನು ದಾಟಿದ್ದ ಹಾಲಿನ ಸಣ್ಣಮಾದಯ್ಯ, ಸೈಕಲ್ಲಿನ ಒಂದೊಂದು ಕಂಬಿಯೂ ಎಣಿಸುವ ಹಾಗೆ, ಕ್ಯಾನಿನ ಸಮೇತ ನಿಚ್ಚಳವಾಗಿ ಹೋಗುತ್ತಿದ್ದಾನೆ. ಹತ್ತಕ್ಕೆ ಒಂಬತ್ತು ಬಂತು. ಸಣ್ಣಮಾದಯ್ಯ ಒಂದು ಪ್ರಿಂಟು ಹಾಕಿಸಿಕೊಂಡು ದನದ ಕೊಟ್ಟಿಗೆಯ ಬಾಗಿಲಿಗೆ ಅಂಟಿಸಿಕೊಂಡ.

ಆಮೇಲೆ ಟೆಲಿ ಲೆನ್ಸು. ದೂರದಲ್ಲಿರುವವರಿಗೆ ಗೊತ್ತೇ ಆಗದಂತೆ ಮುಖ ಹತ್ತಿರ ಎಳೆದುಕೊಳ್ಳುವ ಉದ್ದನೆಯ ಲೆನ್ಸನ್ನು ಕ್ಲಾಸಿನ ಅಮರ್ ಎಂಬ ಹುಡುಗ ಎರಡು ದಿನಕ್ಕೆ ಕೊಟ್ಟ. "ಅಂಕಲ್, ಯಾರ ಮೇಲೆ ಕಣ್ಣು?" ಎಂದು ತಮಾಷೆ ಮಾಡಿದವನಿಗೆ ಇವನು "ನಮ್ಮವ್ವನ ಮೇಲೆ" ಎಂದ. ಎದುರುಸಾಲಿನ ಮನೆಯ ತಾರಸಿಯ ಮೇಲೆ ಬೋರಲು ಮಲಗಿಕೊಂಡು ನೋಡಿದರೆ, ಆಹಾ, ಅಂಗಳದಲ್ಲಿ ಅಕ್ಕಿ ಕೇರುತ್ತಿದ್ದ ಅವ್ವನ ಕಣ್ಣರೆಪ್ಪೆಯೂ ಕಾಣುತ್ತಿತ್ತು. ಫೋಕಸ್ ಸರಿಮಾಡಿದ. ನೀಲಮ್ಮನಿಗೆ ಅದ್ಯಾವ ವಾಸನೆ ಹತ್ತಿತೋ, ತಲೆಯೆತ್ತದೆಯೇ ಮೊರವನ್ನು ಮುಖದ ಮುಂದೆ ಹಿಡಿದು, "ಇಳಿಯೋ ಕೆಳಕ್ಕೆ, ಬಿದ್ದು ಸೊಂಟ ಮುರ್ಕೊಂಡೀಯ!" ಎಂದು ಕೂಗಿದಳು. ಆ ಕೂಗಿಗೆ ಬೆರಳು ಗುಂಡಿಯನ್ನು ಒತ್ತಿತ್ತು. ಮೊರದ ಬಿದಿರಿನ ಹೆಣಿಗೆ ಎಳೆ ಎಳೆಯಾಗಿ ಬಂದಿತ್ತು. "ಎಂಥಾ ಟೆಕ್ಸ್ಚರ್!" ಎಂದು ಮೇಷ್ಟ್ರು ಅದನ್ನು ಬೋರ್ಡಿಗೆ ಸಿಕ್ಕಿಸಿದರು.

ಹೀಗೆ ಬಲೆಗಳು ಒಂದೊಂದೇ ಹರಿದವು. ಕನ್ನಡಿಯಲ್ಲಿ ಬಿಂಬ ಹಿಡಿಯುವ ಪಾಠದಲ್ಲಿ, ಅವ್ವ ವಿಭೂತಿ ಇಟ್ಟುಕೊಳ್ಳುವಾಗ ಹಿಂದಿನಿಂದ ಹೋದ. ಅವಳು ಬಗ್ಗಿದಳು, ಕನ್ನಡಿಯಲ್ಲಿ ಉಳಿದದ್ದು ಮುಖದ ಜಾಗದಲ್ಲಿ ಕ್ಯಾಮೆರಾ ಇಟ್ಟುಕೊಂಡ ಒಬ್ಬ ಮನುಷ್ಯ. ಫಿಲ್ಟರಿನ ಪಾಠ, ಎದುರು ಬೆಳಕಿನ ಪಾಠ, ಎಲ್ಲದರಲ್ಲೂ ಅಂಕ ಬಂತು, ಅವ್ವ ಬರಲಿಲ್ಲ. ವಿಚಿತ್ರವೆಂದರೆ ಕ್ಲಾಸಿನಲ್ಲಿ ಅಂಕಲ್ಲೇ ಮೊದಲು. ಸಂಸಾರಸ್ಥನಿಗೆ ಮನೆ ಬಿಟ್ಟರೆ ಬೇರೆ ವಿಷಯವಿಲ್ಲವಲ್ಲ, ಅದಕ್ಕೇ ಇವರ ಚಿತ್ರಗಳಲ್ಲಿ ಜೀವವಿದೆ ಎಂದು ಮೇಷ್ಟ್ರು ಉಳಿದವರಿಗೆ ಉಪದೇಶ ಮಾಡುತ್ತಿದ್ದರು. ಅದನ್ನು ಕೇಳುತ್ತ ಇವನು ಕೊನೇ ಬೆಂಚಿನಲ್ಲಿ ಕಳ್ಳನ ಹಾಗೆ ಕೂತಿರುತ್ತಿದ್ದ.

ಒಂದು ಸಲ ಮಾತ್ರ ಅವ್ವ ಸಂಪೂರ್ಣವಾಗಿ ಅವನ ಕೈಗೆ ಸಿಕ್ಕಿದ್ದಳು. ಕಡಿಮೆ ಬೆಳಕಿನಲ್ಲಿ ನಿಧಾನ ಶಟರ್ ಬಳಸುವ ಪಾಠ, ಎದುರಿನವರು ಅಲುಗಾಡಬಾರದು. ಬೆಳಗಿನ ಪೂಜೆಯಲ್ಲಿ ಅವ್ವ ಅಂಗೈ ಮೇಲೆ ಲಿಂಗವಿಟ್ಟುಕೊಂಡು ಕುಳಿತರೆ ಕಾಲು ಗಂಟೆ ಕದಲುವುದಿಲ್ಲ, ಪಕ್ಕದಲ್ಲಿ ಸಿಡಿಲು ಬಿದ್ದರೂ ಕೇಳುವುದಿಲ್ಲ. ಇವನು ಬಾಗಿಲ ಸಂದಿನಲ್ಲಿ ಕ್ಯಾಮೆರಾ ಹೂಡಿದ. ದೀಪದ ಬೆಳಕು ಅವಳ ಕೆನ್ನೆಯ ಮೇಲಿತ್ತು. ನೋಟ ಅಂಗೈಯಲ್ಲಿತ್ತು. ಅದು ಅವಳು ಮತ್ತು ಅವಳ ದೇವರು ಇಬ್ಬರೇ ಇರುವ ಹೊತ್ತು. ಅಲ್ಲಿ ಕ್ಲಿಕ್ ಅನ್ನಿಸಲು ಇವನಿಗೆ ಕೈ ಬರಲಿಲ್ಲ. ಆ ಪಾಠಕ್ಕೆ ಅಡುಗೆಮನೆಯ ಒಲೆಯ ಉರಿಯನ್ನು ತೆಗೆದು ಕೊಟ್ಟ, ಹತ್ತಕ್ಕೆ ಐದು ಬಂತು. ಅದರ ಬಗ್ಗೆ ಅವನಿಗೆ ಎಂದೂ ಬೇಜಾರಾಗಲಿಲ್ಲ.

ಈ ನಡುವೆ ಟಚಿಂಗಿನ ಪಾಠವೂ ಆಯಿತು. ಕುಂಚ, ಬಣ್ಣ ಮನೆಗೆ ತಂದವನು ಉತ್ಸಾಹದಿಂದ, "ಅವ್ವ, ಕೈ ಕುದುರಲಿ, ಅಪ್ಪನ ಆ ಕಣ್ಣ ಅಳಿಸಿ ಬೇರೆ ಬರ್ದ್ಬುಡ್ತೀನಿ" ಎಂದ. ಒರಳಿನ ಮುಂದೆ ಕುಳಿತಿದ್ದ ನೀಲಮ್ಮ ರುಬ್ಬುವುದನ್ನು ನಿಲ್ಲಿಸಿದಳು.

"ಅದನ್ನ ಮುಟ್ಟಿದ್ರೆ ಕೈ ಮುರಿತೀನಿ ನೋಡು."

ಮೂವತ್ತು ವರ್ಷದಲ್ಲಿ ಅವಳು ಮಗನಿಗೆ ಹಾಗೆ ಗದರಿದ್ದೇ ಇಲ್ಲ. ಅಡುಗೆಮನೆಯಿಂದ ಇಣುಕಿದ ಮಂಗಳ, ಸುಮ್ಮನಿರಿ ಎಂದು ಗಂಡನಿಗೆ ಕಣ್ಸನ್ನೆ ಮಾಡಿದಳು.

ಜನವರಿಗೆ ಒಂಬತ್ತನೆಯ ಚಿತ್ರ ಬಂತು. ತನ್ನ ಚಿತ್ರ ತಾನೇ ತೆಗೆದುಕೊಳ್ಳುವುದು. ಮುಂದಿನದು, ಹತ್ತನೆಯದು, ಬೇರೊಬ್ಬರ ಭಾವಚಿತ್ರ. ಅಲ್ಲಿಗೆ ಕೋರ್ಸೂ ಮುಗಿಯಿತು, ಬಲೆಗಳೂ ಮುಗಿದವು. ಶನಿವಾರ ಬೆಳಿಗ್ಗೆ ಇವನು ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಟೈಮರ್ ತಿರುಗಿಸಿ, ಓಡಿಹೋಗಿ ಕುರ್ಚಿಯ ಮೇಲೆ ಕುಳಿತು, ಗಂಭೀರವಾದ ಮುಖ ಮಾಡಿಕೊಂಡ. ಟೈಮರ್ ಜೀರುಂಡೆಯ ಹಾಗೆ ಜಿರ್ರೆನ್ನುತ್ತಿತ್ತು. ಅದು ನಿಂತು ಶಟರ್ ಬೀಳುವುದಕ್ಕೂ ಒಳಗೆ ಮಂಗಳಳ ಕುಕ್ಕರು ಕಿವಿ ಹರಿಯುವಂತೆ ಕೂಗುವುದಕ್ಕೂ ಸರಿಹೋಯಿತು. ರೋಲಿನಲ್ಲಿ ಅದೇ ಕೊನೆಯ ಚಿತ್ರ. ಏನಾದರಾಗಲಿ ಎಂದು ಅದನ್ನೇ ಸಂಜೆ ಕ್ಲಾಸಿಗೆ ಒಯ್ದು ಫಿಲ್ಮು ತೊಳೆದು ಒಣಗಲು ಹಾಕಿದ.

ಭಾನುವಾರ ಬೆಳಿಗ್ಗೆ ಕತ್ತಲೆಕೋಣೆಯಲ್ಲಿ ಕೆಂಪು ದೀಪದ ಕೆಳಗೆ ಪ್ರಿಂಟು ಹಾಕಲು ನಿಂತ. ಬೆಳಕು ಕೊಟ್ಟ ಕಾಗದವನ್ನು ಡೆವಲಪರ್ ತಟ್ಟೆಯಲ್ಲಿ ಅದ್ದಿ ಮೆಲ್ಲಗೆ ಅಲುಗಿಸಬೇಕು. ಬಿಳಿ ಕಾಗದದಲ್ಲಿ ಕಪ್ಪಾಗಬೇಕಾದ ಜಾಗ ಮೊದಲು ಏಳುತ್ತದೆ; ಕೆನ್ನೆ, ಹಣೆ, ಅಂಗಿ ಆಮೇಲೆ ನಿಧಾನಕ್ಕೆ ಬರುತ್ತವೆ. ಮೊದಲು ಮೀಸೆಯ ನೆರಳು ಬಂತು. ಅದರ ಮೇಲೆ ಎರಡು ಕಣ್ಣು ಬಂದವು. ಅಗಲವಾಗಿ, ಹಾಲು ಉಕ್ಕುವುದನ್ನು ಹೊಸ್ತಿಲ ಆಚೆಯಿಂದ ನೋಡಿದವರ ಹಾಗೆ.

"ಅಪ್ಪ ಬಂದ್ರು" ಎಂದುಬಿಟ್ಟ ಸಿದ್ದಲಿಂಗಸ್ವಾಮಿ, ಗಟ್ಟಿಯಾಗಿ.

"ಯಾರಪ್ಪ ಅಂಕಲ್?" ಎಂದ ಪಕ್ಕದಲ್ಲಿದ್ದ ಅಮರ್, ಬಾಗಿಲ ಕಡೆ ತಿರುಗಿ.

ಇವನು ಇನ್ನೂ ಹತ್ತಿರಕ್ಕೆ ಬಗ್ಗಿದ. ತಟ್ಟೆಯಲ್ಲಿ ಉಳಿದ ಮುಖವೂ ಬಂತು, ಅದು ಅವನದೇ. ಆದರೆ ಕಣ್ಣು ನಡುಮನೆಯ ಗೋಡೆಯವು. ಕುಕ್ಕರಿನ ಕೂಗಿಗೆ ಅವನು ಬೆಚ್ಚಿದ್ದ, ಅಷ್ಟೇ. ಹಾಗಾದರೆ ಗೋಡೆಯ ಮೇಲಿನ ಆ ಕಣ್ಣು ಯಾವಾಗ ಬೆಚ್ಚಿದ್ದವು? ಮೂವತ್ತು ವರ್ಷದ ಹಿಂದಿನ ಭೂತಗನ್ನಡಿಯೂ ಪೆಪ್ಪರ್‌ಮೆಂಟೂ ಥಟ್ಟನೆ ನೆನಪಾಗಿ, ಅವನಿಗೆ ಆ ಕೋಣೆಯಲ್ಲಿ ನಿಲ್ಲಲಾಗಲಿಲ್ಲ.

ಮಧ್ಯಾಹ್ನ ಹನ್ನೆರಡಕ್ಕೆಲ್ಲ ಅವನು ಮನೆಯಲ್ಲಿದ್ದ. ನೀಲಮ್ಮ ಬಾಗಿಲ ಬೆಳಕಿನಲ್ಲಿ ಕಾಲು ಚಾಚಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು. ಅವನು ಇನ್ನೂ ತೇವವಿದ್ದ ಪ್ರಿಂಟನ್ನು ಪತ್ರಿಕೆಯ ಮಡಿಕೆಯಿಂದ ತೆಗೆದು ಅವಳ ಮುಂದೆ ಇಟ್ಟ. ನೀಲಮ್ಮ ಒಂದು ಕಾಯಿ ಪೂರ್ತಿ ಸುಲಿದು, ಕೈ ಒರೆಸಿಕೊಂಡು, ನೋಡಿದಳು.

"ಆವತ್ತೂ ಇಂಗೇ ಬಿಟ್ಕೊಂಡಿದ್ದೆ" ಎಂದಳು.

"ಆ ಚಾಮಯ್ಯ ನನ್ನ ನೋಡ್ಕೊಂಡು ಬರೆದ್ನಾ ಅವ್ವ?"

"ಇನ್ನೇನ್ ಮಾಡ್ಲಿ? ಕಣ್ಣು ಎಂಗಿತ್ತಮ್ಮ ಅಂತ ಕೇಳ್ದ. ನಂಗೆ ಬಾಯೇ ಬರ್ಲಿಲ್ಲ. ನಿನ್ನ ಮುಂದಕ್ಕೆ ತಳ್ದೆ, ಇಂಗಿತ್ತು ಅಂತ. ನಿಮ್ಮಪ್ಪಂದೂ ನಿಂದೂ ಅಚ್ಚೊತ್ತಿದ ಅಂಗೆ ಒಂದೇ ಕಣ್ಣು ಕಣೋ. ನೀನು ಆ ಗಾಜು ನೋಡಿ ಹೆದ್ರಿಕೊಂಡೆ. ಆ ಪುಣ್ಯಾತ್ಮ ಹೆದರಿಕೇನೂ ಸೇರ್ಸಿ ಬರ್ದ."

"ಇಷ್ಟು ವರ್ಷ ಇದು ನಮ್ಮಪ್ಪ ಅಲ್ಲ ಅಂತ ನಾನು ಕುಣಿದಾಡ್ತಿದ್ರೂ ಒಂದು ಮಾತು ಹೇಳ್ಲಿಲ್ವಲ್ಲ ನೀನು?"

"ಎಂಗೆ ಹೇಳ್ಲಿ? ಬದುಕಿರೋ ಕೂಸಿನ ಕಣ್ಣ ಸತ್ತೋರ ಫೋಟೋಕ್ಕೆ ಬರೆಸ್ಕೊಂಡು ಬಂದ್ಯಲ್ಲ, ಬುದ್ಧಿ ಐತಾ ನಿಂಗೆ ಅಂತ ನಿಮ್ಮಜ್ಜಿ ಉಗಿದ್ರು. ಯಾರ ಮುಂದೂ ಬಾಯಿ ಬಿಡಬೇಡ ಅಂದ್ರು. ನಿಂಗೆ ನೆಗಡಿ ಬಂದ್ರೂ ಅದೇ ಭಯ ನಂಗೆ." ನೀಲಮ್ಮ ಇನ್ನೊಂದು ಕಾಯಿ ಎತ್ತಿಕೊಂಡಳು. "ಈಗ ನಿನ್ನ ತಲೆ ಬೋಳಾಗ್ತಾ ಐತೆ. ಇನ್ನೇನ್ ಭಯ, ಹೇಳ್ದೆ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಂಗಳ ಒಮ್ಮೆ ಗೋಡೆ ನೋಡಿದಳು, ಒಮ್ಮೆ ಗಂಡನನ್ನು ನೋಡಿದಳು, ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಅತ್ತಳೋ ನಕ್ಕಳೋ ತಿಳಿಯಲಿಲ್ಲ. ಸಿದ್ದಲಿಂಗಸ್ವಾಮಿಗಂತೂ ಅಳು ಬಂತು. ಮೂವತ್ತು ವರ್ಷ ಅಪ್ಪನ ಮುಖದಲ್ಲಿ ಕುಳಿತಿದ್ದ ಆ ಇನ್ಯಾರೋ ತಾನೇ ಎಂದು ತಿಳಿದಾಗ ಯಾರಿಗಾದರೂ ಬರುತ್ತದೆ.

"ಅಂಗಾದ್ರೆ ಒಂದು ಫೋಟೋಕ್ಕೆ ಕೂತ್ಕೋ ಅವ್ವ. ನಿನ್ನ ಕಣ್ಣ ಇನ್ಯಾರೋ ಬರೆಯೋದು ಬ್ಯಾಡ. ಆಯಸ್ಸು ಗೀಯಸ್ಸು ಅಂತ ಹೇಳ್ಬೇಡ."

"ಆಯಸ್ಸು ಯಾರಿಗೆ ಬೇಕೋ" ಎಂದಳು ನೀಲಮ್ಮ. "ಮನೇಲಿರೋದು ಆ ಎರಡು ಕಣ್ಣು. ನೀನು ಆ ಡಬ್ಬಿ ತಗೊಂಡು ಬಂದು ಅದನ್ನೇ ಮುಚ್ಕೊಂಡು ಎದುರಿಗೆ ನಿಂತ್ಕೊಂಡ್ರೆ, ನಾನು ಯಾರನ್ನ ನೋಡ್ಲಿ?"

ಹತ್ತು ಬಲೆ ಹೆಣೆದವನಿಗೆ ಇದೊಂದು ಹೊಳೆದಿರಲಿಲ್ಲ. ಕನ್ನಡಿಯ ಪಾಠದಲ್ಲಿ ಸಿಕ್ಕ ಚಿತ್ರ ನೆನಪಾಯಿತು: ಮುಖದ ಜಾಗದಲ್ಲಿ ಕ್ಯಾಮೆರಾ. ಸಿದ್ದಲಿಂಗಸ್ವಾಮಿ ಎದ್ದು ಸ್ಟ್ಯಾಂಡು ತಂದು ಹೂಡಿದ. ಹೊಸ ರೋಲು ಹಾಕಿದ, ಫೋಕಸ್ ಮಾಡಿದ. ಅಷ್ಟು ಹೊತ್ತೂ ನೀಲಮ್ಮ ಅವರೆಕಾಯಿ ನೋಡುತ್ತಿದ್ದಳು. ಆಮೇಲೆ ಗುಂಡಿಗೆ ಉದ್ದನೆಯ ವೈರು ಸಿಕ್ಕಿಸಿ, ಅದರ ತುದಿಯನ್ನು ಕೈಯಲ್ಲಿ ಹಿಡಿದು, ಕ್ಯಾಮೆರಾವನ್ನು ಬಿಟ್ಟು ಅದರ ಎಡಕ್ಕೆ ಎರಡು ಹೆಜ್ಜೆ ಸರಿದು ಬರಿ ಮುಖದಲ್ಲಿ ನಿಂತ.

"ಅವ್ವ" ಎಂದ.

ನೀಲಮ್ಮ ತಲೆಯೆತ್ತಿ ಅವನನ್ನು ನೋಡಿದಳು. ಅವನು ನಕ್ಕ, ನಕ್ಕಾಗ ಅವನ ಕಣ್ಣು ಪೂರ್ತಿ ಮುಚ್ಚಿಹೋದವು. ಅದನ್ನು ನೋಡಿ ಅವಳ ಮುಖ ಅರಳಿತು. ವೈರು ಒತ್ತಿದ್ದು ಯಾವಾಗ ಎಂದು ಅವನಿಗೇ ತಿಳಿಯಲಿಲ್ಲ.

ಆಯಸ್ಸೇನೂ ಕಡಿಮೆಯಾಗಲಿಲ್ಲ. ನೀಲಮ್ಮ ಮತ್ತೂ ಹನ್ನೊಂದು ವರ್ಷ ಮಂಗಳಳ ಸಾರಿಗೆ ಉಪ್ಪು ಸಾಲದು ಎನ್ನುತ್ತ ಬದುಕಿದಳು. ಅಷ್ಟರಲ್ಲಿ ಫಿಲ್ಮು ಹೋಗಿ ಡಿಜಿಟಲ್ ಬಂತು. ಸಿದ್ದಲಿಂಗಸ್ವಾಮಿ ಕಾರ್ಖಾನೆ ಬಿಡಲಿಲ್ಲ, ಸ್ಟುಡಿಯೋ ತೆರೆಯಲಿಲ್ಲ. ಆದರೆ ಹೂಟಗಳ್ಳಿಯಿಂದ ವಿಜಯನಗರದವರೆಗೆ ಯಾರ ಮನೆಯಲ್ಲಿ ಕ್ಯಾಮೆರಾಕ್ಕೆ ಹೆದರುವ ಹಿರಿಯರಿದ್ದರೂ ರಜೆಯ ದಿನ ಅವನನ್ನು ಕರೆಯುತ್ತಿದ್ದರು. ಅವನದೊಂದೇ ವಿಧಾನ. ಕ್ಯಾಮೆರಾ ಸ್ಟ್ಯಾಂಡಿನ ಮೇಲೆ, ಅದರ ಎಡಕ್ಕೆ ಆ ಹಿರಿಯರ ಮಗನೋ ಮಗಳೋ ಮೊಮ್ಮಗುವೋ, ಇವನು ಎಲ್ಲೋ ಮೂಲೆಯಲ್ಲಿ.

2008ರಲ್ಲಿ ನೀಲಮ್ಮ ಹೋದಾಗ ವಿಭೂತಿ ಬಳಿದು, ಹಾರ ಹಾಕಿ, ಗೋಡೆಗೆ ಒರಗಿಸಿ ಕೂರಿಸಿದರು. ಯಾರೋ ಸ್ಟುಡಿಯೋದವರನ್ನು ಕರೆಯಲೇ ಎಂದರು. ಬೇಡ, ಇದೆ ಎಂದ ಮಗ. ಹನ್ನೊಂದನೆಯ ದಿನ ಅವನು ಆ ಫೋಟೋಕ್ಕೆ ಕಟ್ಟು ಹಾಕಿಸಿ ತಂದು, ಅಪ್ಪನ ಫೋಟೋದ ಬಲಕ್ಕೆ ಮೊಳೆ ಹೊಡೆದು ತೂಗುಹಾಕಿದ. ಮಡಿಲಲ್ಲಿ ಅವರೆಕಾಯಿ ಇಟ್ಟುಕೊಂಡ ಅವ್ವ ಕತ್ತು ಕೊಂಚ ತಿರುಗಿಸಿ, ಪಕ್ಕದಲ್ಲಿ ಗಾಬರಿಯಾಗಿ ಕುಳಿತ ಗಂಡನನ್ನು ನೋಡಿ ನಗುತ್ತಿದ್ದಳು. ಫೋಟೋದ ಹಿಂಭಾಗದಲ್ಲಿ ವಿಶ್ವನಾಥ್ ಮೇಷ್ಟ್ರ ಕೆಂಪು ಪೆನ್ಸಿಲ್ಲಿನ ಬರಹ ಇನ್ನೂ ಹಾಗೇ ಇತ್ತು: ಹತ್ತಕ್ಕೆ ಏಳು, ಬೆಳಕು ಚೆನ್ನಾಗಿದೆ, ಆದರೆ ದೃಷ್ಟಿ ಲೆನ್ಸಿನ ಕಡೆಗಿಲ್ಲ.